ವಾದ ಮತ್ತು ರೂಪಕ: ಬರವಣಿಗೆಯ ಬೋಧನೆಯಲ್ಲಿ ಅಲಂಕಾರದ ಸ್ಥಾನ

ವಾದವನ್ನು ಮಂಡಿಸುವ ಪ್ರಬಂಧ ಹಾಗೂ ಆಲಂಕಾರಿಕ ಭಾಷೆ ಇವೆರಡೂ ಇಂಗ್ಲಿಷ್ ತರಗತಿಯ ಮನೆಗೆಲಸದಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಅಭ್ಯಾಸಗಳಾಗಿ ಬರುತ್ತವೆ. ಅಮೆರಿಕದ ಹಲವು ರಾಜ್ಯಗಳು ಅಳವಡಿಸಿಕೊಂಡ 2010ರ ಕಾಮನ್ ಕೋರ್ ಮಾನದಂಡಗಳಲ್ಲಿ ವಾದಲೇಖನವು ಬರವಣಿಗೆಯ ವಿಭಾಗದ ಮೊದಲನೆಯ ಅಂಶವಾದರೆ, ಆಲಂಕಾರಿಕ ಪ್ರಯೋಗಗಳ ತಿಳಿವಳಿಕೆ ಭಾಷಾವಿಭಾಗದ ಐದನೆಯ ಅಂಶ. ಕರ್ನಾಟಕದ ಪ್ರೌಢಶಾಲೆಯ ಕನ್ನಡ ಪಾಠಕ್ರಮದಲ್ಲಿಯೂ ಪ್ರಬಂಧ ರಚನೆ ಒಂದೆಡೆ, ಅಲಂಕಾರದ ಹೆಸರು, ಲಕ್ಷಣ, ಸಮನ್ವಯ ಇನ್ನೊಂದೆಡೆ. ಇದರಿಂದ ರೂಪಕವೆಂಬುದು ವಾದ ಮುಗಿದ ಮೇಲೆ ತೊಡಿಸುವ ಒಡವೆ ಎಂಬ ಭಾವನೆ ವಿದ್ಯಾರ್ಥಿಯಲ್ಲಿ ನೆಲೆಗೊಳ್ಳುವ ಅಪಾಯವಿದೆ. ಈ ವಿಂಗಡಣೆ ಎಷ್ಟರಮಟ್ಟಿಗೆ ಸಮರ್ಥನೀಯ ಎಂಬುದು ವಿಚಾರಾರ್ಹ.

ಭಾರತೀಯ ಕಾವ್ಯಮೀಮಾಂಸೆಗೆ ಈ ಪ್ರಶ್ನೆ ಹೊಸದೇನಲ್ಲ. ಭಾಮಹನು 'ಕಾವ್ಯಾಲಂಕಾರ'ದ ಐದನೆಯ ಪರಿಚ್ಛೇದದಲ್ಲಿ ಪ್ರತಿಜ್ಞೆ, ಹೇತು, ದೃಷ್ಟಾಂತಗಳ ದೋಷಗಳನ್ನು ವಿವೇಚಿಸಿದ್ದಾನೆ. ದಂಡಿಯಾದರೋ ಇಂತಹ ವಿಚಾರ ಕರ್ಕಶವೆಂದೂ ಅದರಿಂದ ಪ್ರಯೋಜನವಿಲ್ಲವೆಂದೂ 'ಕಾವ್ಯಾದರ್ಶ'ದಲ್ಲಿ ಅದನ್ನು ಬದಿಗೆ ಸರಿಸಿದನು. 9ನೆಯ ಶತಮಾನದ 'ಕವಿರಾಜಮಾರ್ಗ'ಕ್ಕೆ ಮುಖ್ಯ ಆಕರವಾದುದು ದಂಡಿಯ ಗ್ರಂಥವೇ. ಆದರೆ ತರ್ಕ ಮತ್ತು ಅಲಂಕಾರಗಳ ನಂಟು ಅಲ್ಲಿಗೆ ಕಡಿದುಹೋಗಲಿಲ್ಲ. 12ನೆಯ ಶತಮಾನದ ರುಯ್ಯಕನು 'ಅಲಂಕಾರಸರ್ವಸ್ವ'ದಲ್ಲಿ ಕಾವ್ಯಲಿಂಗ ಮತ್ತು ಅನುಮಾನಗಳನ್ನು ತರ್ಕನ್ಯಾಯಮೂಲವೆಂಬ ಪ್ರತ್ಯೇಕ ವರ್ಗಕ್ಕೆ ಸೇರಿಸಿದನು. ಕಾರಣವನ್ನು ಹೇಳುವ ಕ್ರಮವೇ ಅಲಂಕಾರವಾಗಬಲ್ಲದೆಂಬ ಅರಿವು ಈ ವರ್ಗೀಕರಣದಲ್ಲಿದೆ.

ರೂಪಕವು ವಾದದೊಳಗೆ ನಿರ್ವಹಿಸುವ ಕಾರ್ಯವನ್ನು ತಿಳಿಯಲು ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಬಳಿ ಮಾಡಿದ ಭಾಷಣವನ್ನು ಪರಿಶೀಲಿಸಬಹುದು. 1776ರ ಸ್ವಾತಂತ್ರ್ಯ ಘೋಷಣೆ ಹಾಗೂ ಸಂವಿಧಾನದ ಆಶ್ವಾಸನೆಯನ್ನು ಅಲ್ಲಿ ಸಾಲಪತ್ರವಾಗಿ ರೂಪಿಸಲಾಗಿದೆ. ಕಪ್ಪು ಜನರ ಕೈಗೆ ಬಂದುದು ಹಣವಿಲ್ಲವೆಂದು ಹಿಂದಿರುಗಿದ ಚೆಕ್ಕು. ಸ್ಟೀಫನ್ ಟೂಲ್ಮಿನ್ 1958ರಲ್ಲಿ ನಿರೂಪಿಸಿದ ಮಾದರಿಯ ಪ್ರಕಾರ, ಆಧಾರದಿಂದ ಪ್ರತಿಪಾದನೆಗೆ ಸಾಗಲು ಅವೆರಡನ್ನೂ ಕೂಡಿಸುವ ಸಮರ್ಥಕ ತತ್ತ್ವವೊಂದು ಬೇಕು. ಅನೇಕ ವೇಳೆ ಅದು ಬಾಯಿಬಿಟ್ಟು ಹೇಳದೆ ಉಳಿಯುತ್ತದೆ. ಇಲ್ಲಿ ಆಶ್ವಾಸನೆ ಈಡೇರಿಲ್ಲವೆಂಬುದು ಆಧಾರ. ಈಗಲೇ ಈಡೇರಬೇಕೆಂಬುದು ಪ್ರತಿಪಾದನೆ. ಸಹಿ ಮಾಡಿದವನು ಸಾಲ ತೀರಿಸಲೇಬೇಕೆಂಬ ಸಮರ್ಥಕ ತತ್ತ್ವವನ್ನು ಒದಗಿಸುವುದು ರೂಪಕವೇ. ಅದನ್ನು ತೆಗೆದುಹಾಕಿದರೆ ಬೇಡಿಕೆಯು ಔದಾರ್ಯದ ಯಾಚನೆಯಾಗಿ ಕಾಣಬಹುದು. ರೂಪಕದ ಬಲದಿಂದ ಅದು ಹಕ್ಕಿನ ವಸೂಲಿಯಾಗುತ್ತದೆ.

ವಾದದ ಭಾರವನ್ನು ಹೊರುವ ರೂಪಕವು ವಾದದಂತೆಯೇ ವಿಮರ್ಶೆಗೂ ಒಳಪಡಬೇಕು. ಸಾಲ ತೀರಿದೊಡನೆ ಕೊಟ್ಟವನಿಗೂ ಪಡೆದವನಿಗೂ ಇರುವ ಸಂಬಂಧ ಮುಗಿಯುತ್ತದೆ. ಸಹಪೌರರ ಸಂಬಂಧ ಹಾಗೆ ಮುಗಿಯುವಂಥದಲ್ಲ. ಈ ಅಂಶದಲ್ಲಿ ಉಪಮಾನವು ಉಪಮೇಯಕ್ಕೆ ಪೂರ್ಣವಾಗಿ ಹೊಂದದು. ಅದೇ ಭಾಷಣದ ಮುಂದಿನ ಭಾಗದಲ್ಲಿ ಬರುವ ಕನಸಿನ ಚಿತ್ರವು ಒಂದೇ ಮೇಜಿನ ಸುತ್ತ ಕೂಡುವ ಸೋದರತ್ವವನ್ನು ಮುಂದಿಡುವುದರಿಂದ ಆ ಕೊರತೆ ತುಂಬಿಕೊಳ್ಳುತ್ತದೆ. ಎರಡು ರೂಪಕಗಳು ಹೀಗೆ ಒಂದು ವಾದದ ಎರಡು ಹಂತಗಳಾಗುತ್ತವೆ.

ಈ ವಿವೇಚನೆಯಿಂದ ಬೋಧನೆಗೆ ದೊರೆಯುವ ಸೂಚನೆ ಸ್ಪಷ್ಟವಾಗಿದೆ. ಕನ್ನಡ ತರಗತಿಯಲ್ಲಿ ರೂಢಿಯಲ್ಲಿರುವ ಸಮನ್ವಯವು ಉಪಮೇಯ, ಉಪಮಾನ, ಸಮಾನಧರ್ಮಗಳನ್ನು ಗುರುತಿಸಿ ಅಲಂಕಾರದ ಹೆಸರಿನೊಂದಿಗೆ ಕೊನೆಗೊಳ್ಳುತ್ತದೆ. ಅದಕ್ಕೆ ಮತ್ತೆರಡು ಪ್ರಶ್ನೆಗಳನ್ನು ಸೇರಿಸಿದರೆ ಸಾಕು: ಈ ಸಮಾನಧರ್ಮವನ್ನು ಒಪ್ಪಿದವನು ಯಾವ ನಿರ್ಣಯವನ್ನು ಒಪ್ಪಬೇಕಾಗುತ್ತದೆ? ಹೋಲಿಕೆ ಎಲ್ಲಿ ನಿಲ್ಲುತ್ತದೆ? ಮೊದಲನೆಯದು ವಿದ್ಯಾರ್ಥಿಗೆ ವಾದ ಕಟ್ಟುವುದನ್ನು ಕಲಿಸುತ್ತದೆ. ಎರಡನೆಯದು ರೂಪಕದ ಮೋಡಿಯಲ್ಲಿ ಸಾಗಿಬರುವ ದುರ್ವಾದವನ್ನು ತಡೆಯುವ ಶಕ್ತಿ ನೀಡುತ್ತದೆ. ಭಾಷಣ, ಜಾಹೀರಾತು, ಸಂಪಾದಕೀಯಗಳ ನಡುವೆ ಬದುಕುವ ವಿದ್ಯಾರ್ಥಿಗೆ ಈ ಎರಡನೆಯ ಶಕ್ತಿ ಪರೀಕ್ಷೆಯ ಆಚೆಗೂ ಅಗತ್ಯ. ದಂಡಿ ಕರ್ಕಶವೆಂದು ಕೈಬಿಟ್ಟ ವಿಚಾರವು ಬರವಣಿಗೆಯ ತರಗತಿಯಲ್ಲಿ ಮರಳಿ ಸ್ಥಾನ ಪಡೆಯಬೇಕಾದುದು ಈ ಕಾರಣದಿಂದ.