ಹಗಲು ಸರಿ, ರಾತ್ರಿ ತಡವರಿಕೆ: ದೋಷ ಪತ್ತೆಯ ಒಂದು ಪಾಠ ಮತ್ತು ಅದರ ಮರುಬೋಧನೆ

ಹಿನ್ನೆಲೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಒಂದು ಐಟಿಐಯ ಟೂ ವೀಲರ್ ಮೆಕ್ಯಾನಿಕ್ ವಿಭಾಗಕ್ಕೆ ನಿಯೋಜಿಸಲಾಗಿತ್ತು. ನಾನು ಆರಿಸಿಕೊಂಡ ಪಾಠ: ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ವಿದ್ಯುತ್ ದೋಷ ಪತ್ತೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಬಹುತೇಕ ಮರೆಯಾಗಿದೆ. ಸ್ಕ್ರೂ ತಿರುಗಿಸಿ ಕಿವಿಯಿಂದ ಕೇಳಿ ಸರಿಪಡಿಸುತ್ತಿದ್ದ ಜಾಗಕ್ಕೆ ಮಲ್ಟಿಮೀಟರ್ ಬಂದಿದೆ. ಆದ್ದರಿಂದ ಈ ಪಾಠ ನಮ್ಮ ಮಕ್ಕಳ ಹೊಟ್ಟೆಪಾಡಿಗೆ ಸಂಬಂಧಿಸಿದ್ದು.

ಪಾಠಕ್ಕೆ ಒಂದು ನಿಜವಾದ ಗಾಡಿ ಸಿಕ್ಕಿತು. ತರಗತಿಯ ಒಬ್ಬ ಹುಡುಗ ತನ್ನ ಅಣ್ಣನ ಬೈಕನ್ನು ತಂದಿದ್ದ. ರಜೆಯಲ್ಲಿ ಅವನೇ ಅದಕ್ಕೆ ಹೊರಗಿನಿಂದ ಕೊಂಡ ಒಂದು ಪಿಗ್ಗಿಬ್ಯಾಕ್ ಮಾಡ್ಯೂಲ್ ಮತ್ತು ಎರಡು ಹೆಚ್ಚುವರಿ ದೀಪಗಳನ್ನು ಜೋಡಿಸಿದ್ದ. ಈಗ ಎಂಜಿನ್ ತಡವರಿಸುತ್ತಿತ್ತು. ಸಾವಿರಾರು ರೂಪಾಯಿಯ ಮಾಡ್ಯೂಲನ್ನು ತಮ್ಮನೇ ಸುಟ್ಟ ಎಂದು ಅಣ್ಣ ಮಾತು ಬಿಟ್ಟಿದ್ದರು.

ಮೊದಲ ಪಾಠ: ನಾನು ಎಡವಿದ್ದು

ನಾವು ಕಲಿತಂತೆ ಸಿದ್ಧತೆ, ನಿರೂಪಣೆ, ಅನ್ವಯ, ಪರೀಕ್ಷೆ ಎಂಬ ನಾಲ್ಕು ಹಂತಗಳಲ್ಲಿ ಪಾಠ ಯೋಜನೆ ಬರೆದಿದ್ದೆ. ಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಿದೆ: ಬೈಕಿನ ಮೂಲ ಇಸಿಯು ಸೆನ್ಸರುಗಳ ಸಂಕೇತ ಓದಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ನಿರ್ಧರಿಸುತ್ತದೆ. ಪಿಗ್ಗಿಬ್ಯಾಕ್ ಮಾಡ್ಯೂಲ್ ಇಸಿಯು ಮತ್ತು ಇಂಜೆಕ್ಟರ್ ನಡುವೆ ಕುಳಿತು, ಥ್ರಾಟಲ್ ಎಷ್ಟು ತೆರೆದಿದೆ ಎಂದು ತಾನೂ ಓದಿ, ಆ ಅವಧಿಯನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ.

ವಿವರಣೆ ಚೆನ್ನಾಗಿತ್ತು. ಆಮೇಲೆ "ಹಾಗಾದರೆ ಈ ಗಾಡಿಯ ದೋಷ ಎಲ್ಲಿದೆ?" ಎಂದು ಕೇಳಿದೆ. "ಮಾಡ್ಯೂಲ್ ಹೋಗಿದೆ ಸರ್" ಎಂದು ಅರ್ಧ ತರಗತಿ ಕೂಗಿತು. ಗಂಟೆ ಬಾರಿಸುವ ಹೊತ್ತು. "ಹೌದು, ಬಹುಶಃ ಅದೇ" ಎಂದುಬಿಟ್ಟೆ.

ವೀಕ್ಷಣೆಗೆ ಕುಳಿತಿದ್ದ ಮೇಡಂ ನನ್ನ ವೀಕ್ಷಣಾ ಪತ್ರದಲ್ಲಿ ಒಂದೇ ಸಾಲು ಬರೆದಿದ್ದರು: "ಯಾವ ಅಳತೆಯ ಆಧಾರದ ಮೇಲೆ?"

ಮರುದಿನ ಬೆಳಿಗ್ಗೆ ಆ ಹುಡುಗ ಬಾಗಿಲ ಬಳಿ ನಿಂತಿದ್ದ. "ಸರ್, ಮಾಡ್ಯೂಲ್ ಹೋಗಿದೆ ಅಂತ ನೀವು ಹೇಳಿದ್ದನ್ನ ಅಣ್ಣಂಗೆ ಹೇಳ್ದೆ. ಹೊಸದರ ದುಡ್ಡು ನಾನೇ ದುಡಿದು ಕೊಡ್ಬೇಕಂತೆ. ನಾಳೆಯಿಂದ ಗ್ಯಾರೇಜಿಗೆ ಹೋಗ್ತೀನಿ, ಕ್ಲಾಸಿಗೆ ಬರೋಕಾಗಲ್ಲ." ಗುರುವಿನ ಬಾಯಿಂದ ಬಂದ ಊಹೆ ಮನೆ ಮುಟ್ಟುವಷ್ಟರಲ್ಲಿ ತೀರ್ಪಾಗಿರುತ್ತದೆ. ಅದು ನನಗೆ ಅಂದು ಅರ್ಥವಾಯಿತು. ಎರಡು ದಿನ ಕಾಯಲು ಅವನನ್ನು ಒಪ್ಪಿಸಿ, ಮರುಬೋಧನೆಗೆ ಅನುಮತಿ ಕೇಳಿದೆ.

ಮರುಬೋಧನೆಯ ಸಿದ್ಧತೆ

ಈ ಸಲ ಚಿತ್ರ ಬಿಡಿಸಲಿಲ್ಲ. ನಾಲ್ಕು ಗುಂಪುಗಳಿಗೆ ನಾಲ್ಕು ಕಾಲಂಗಳ ಒಂದೊಂದು ಹಾಳೆ ಕೊಟ್ಟೆ: ಊಹೆ, ಅಳತೆ, ಇದರಿಂದ ಏನು ಸಾಬೀತಾಯಿತು, ಏನು ಸಾಬೀತಾಗಲಿಲ್ಲ. ಅಳತೆಯ ಕಾಲಂ ಖಾಲಿಯಿದ್ದರೆ ತೀರ್ಮಾನ ಬರೆಯುವಂತಿಲ್ಲ. ಸುರಕ್ಷತೆಯ ನಿಯಮ ಮೂರು: ಎಂಜಿನ್ ಚಾಲೂ ಇರುವಾಗ ವರ್ಕ್‌ಶಾಪಿನ ಬಾಗಿಲುಗಳು ತೆರೆದಿರಬೇಕು, ಇಗ್ನಿಷನ್ ಆಫ್ ಮಾಡದೆ ಕಪ್ಲರ್ ಬಿಚ್ಚಬಾರದು, ಪ್ರೋಬ್ ಚುಚ್ಚಿ ವೈರಿನ ಹೊದಿಕೆಯನ್ನು ತೂತು ಮಾಡಬಾರದು.

ಮೊದಲ ಕೆಲಸ ಮೀಟರ್ ಹಿಡಿಯುವುದಲ್ಲ, ಗಾಡಿಯವನನ್ನು ವಿಚಾರಿಸುವುದು. "ಯಾವಾಗ ತಡವರಿಸುತ್ತದೆ?" ಎಂದು ಒಂದು ಗುಂಪು ಕೇಳಿತು. ಹುಡುಗ ಯೋಚಿಸಿ ಹೇಳಿದ: "ಹಗಲು ಸರಿ ಇರುತ್ತೆ. ರಾತ್ರಿ ಮಾತ್ರ." ಮೊದಲ ಪಾಠದಲ್ಲಿ ನಾನು ಈ ಪ್ರಶ್ನೆಯನ್ನೇ ಕೇಳಿರಲಿಲ್ಲ. ಹೆಡ್‌ಲ್ಯಾಂಪ್ ಹಗಲೂ ಉರಿಯುತ್ತದೆ. ರಾತ್ರಿ ಹೊಸದಾಗಿ ಸೇರುವುದು ಆ ಎರಡು ಹೆಚ್ಚುವರಿ ದೀಪ. ಅವನ್ನು ಹಾಕಿ ನೋಡಿದೆವು. ಎಂಜಿನ್ ತಡವರಿಸಿತು. ಆರಿಸಿದೆವು, ಸರಿಹೋಯಿತು.

ಅಳತೆಯ ಹಂತಗಳು

ಹಂತ 1: ಮಾಡ್ಯೂಲನ್ನು ಪೂರ್ತಿ ತೆಗೆದು, ಮೂಲ ಕಪ್ಲರುಗಳನ್ನೇ ಜೋಡಿಸಿದೆವು. ದೀಪ ಹಾಕಿದರೂ ಎಂಜಿನ್ ಸರಾಗ. "ನೋಡಿ ಸರ್, ಮಾಡ್ಯೂಲೇ ಹಾಳು!" ಎಂಬ ಕೂಗು ಮತ್ತೆ ಎದ್ದಿತು. ನಾಲ್ಕನೆಯ ಕಾಲಂ ತುಂಬಲು ಹೇಳಿದೆ. ಚರ್ಚೆಯಾಗಿ ಅವರೇ ಬರೆದರು: ಎಂಜಿನ್, ಇಂಜೆಕ್ಟರ್, ಮೂಲ ಇಸಿಯು ಸರಿಯಿವೆ ಎಂಬುದು ಸಾಬೀತಾಯಿತು. ಮಾಡ್ಯೂಲ್ ಹಾಳಾಗಿದೆ ಎಂಬುದು ಸಾಬೀತಾಗಲಿಲ್ಲ. ಅದರ ವೈರಿಂಗ್, ಅರ್ತ್, ಸೆಟ್ಟಿಂಗ್ ಇನ್ನೂ ಬಾಕಿ ಇವೆ.

ಹಂತ 2: ಮಾಡ್ಯೂಲನ್ನು ಮತ್ತೆ ಜೋಡಿಸಿ ಬ್ಯಾಟರಿ ಅಳೆದರು. ಎಂಜಿನ್ ನಿಂತಿರುವಾಗ 12.6 ವೋಲ್ಟ್, ಚಾಲೂ ಮಾಡಿ ಸ್ವಲ್ಪ ರೇಸ್ ಮಾಡಿದಾಗ, ದೀಪ ಉರಿಯುತ್ತಿದ್ದರೂ 14 ವೋಲ್ಟ್. ಬ್ಯಾಟರಿಯೂ ಚಾರ್ಜಿಂಗೂ ಸರಿ.

ಹಂತ 3: ಅರ್ತ್ ತಂತಿ. ಎಂಜಿನ್ ನಿಲ್ಲಿಸಿ, ಮಾಡ್ಯೂಲಿನ ಅರ್ತ್ ಲಗ್ಗಿನಿಂದ ಬ್ಯಾಟರಿಯ ನೆಗೆಟಿವ್ ವರೆಗೆ ರೋಧ ಅಳೆದರು: 0.5 ಓಮ್. ಪ್ರೋಬುಗಳನ್ನು ಒಂದಕ್ಕೊಂದು ತಾಗಿಸಿದರೂ 0.3 ಓಮ್ ತೋರುತ್ತಿತ್ತು. ಉಳಿದದ್ದು 0.2. "ಅರ್ತ್ ಸರಿಯಿದೆ" ಎಂದು ಮೂರು ಗುಂಪುಗಳು ಬರೆದವು. ನಾನು ತಿದ್ದಲಿಲ್ಲ.

ಹಂತ 4: ಅದೇ ಎರಡು ಬಿಂದುಗಳ ನಡುವೆ, ಎಂಜಿನ್ ಚಾಲೂ ಇಟ್ಟು, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ಅಳೆಯಲು ಹೇಳಿದೆ. ದೀಪ ಆರಿದ್ದಾಗ ತೀರಾ ಕಡಿಮೆ. ದೀಪ ಹಾಕಿದ ಕೂಡಲೇ ಒಂದು ವೋಲ್ಟಿನ ಆಸುಪಾಸು. ವರ್ಕ್‌ಶಾಪು ಮೌನವಾಯಿತು.

ವಿವರಣೆ ಮಕ್ಕಳಿಂದಲೇ ಬಂದದ್ದು

ಕಾರಣ ಹುಡುಕಲು ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಓಮನ ನಿಯಮ ಸಾಕಾಯಿತು. ಮಾಡ್ಯೂಲಿನ ಅರ್ತ್ ಲಗ್ ಮತ್ತು ದೀಪಗಳ ಅರ್ತ್ ಲಗ್ ಎರಡನ್ನೂ ಬಣ್ಣ ಬಳಿದ ಒಂದೇ ಬ್ರಾಕೆಟಿನ ಒಂದೇ ಬೋಲ್ಟಿಗೆ ಬಿಗಿಯಲಾಗಿತ್ತು. ದೀಪಗಳು ತಲಾ 35 ವ್ಯಾಟ್, ಒಟ್ಟು 70. 14 ವೋಲ್ಟಿನಿಂದ ಭಾಗಿಸಿದರೆ 5 ಆಂಪಿಯರ್. ಈ 5 ಆಂಪಿಯರ್ ಆ 0.2 ಓಮ್ ಮೂಲಕ ಹರಿದರೆ 1 ವೋಲ್ಟ್. ಲೆಕ್ಕವೂ ಮೀಟರೂ ಒಂದನ್ನೇ ಹೇಳಿದವು.

"ಒಂದು ವೋಲ್ಟಿನಿಂದ ಏನಾಗುತ್ತದೆ?" ಎಂದೆ. ಥ್ರಾಟಲ್ ಪೊಸಿಷನ್ ಸೆನ್ಸರಿನ ಸಂಕೇತ ಥ್ರಾಟಲ್ ಮುಚ್ಚಿದಾಗ 0.6 ವೋಲ್ಟಿನಷ್ಟಿದ್ದು, ತೆರೆದಂತೆ 4 ವೋಲ್ಟಿನವರೆಗೆ ಏರುತ್ತದೆ. ಮಾಡ್ಯೂಲ್ ಅದನ್ನು ತನ್ನ ಅರ್ತಿಗೆ ಹೋಲಿಸಿ ಓದುತ್ತದೆ. ಅರ್ತೇ ಒಂದು ವೋಲ್ಟ್ ಮೇಲೆದ್ದರೆ 2 ವೋಲ್ಟಿನ ಸಂಕೇತ ಅದಕ್ಕೆ 1 ವೋಲ್ಟಾಗಿ ಕಾಣುತ್ತದೆ. ಸವಾರ ಥ್ರಾಟಲ್ ತಿರುಗಿಸಿದ್ದರೂ ಕಡಿಮೆ ತಿರುಗಿಸಿದ್ದಾನೆಂದು ತಿಳಿದು ತಪ್ಪು ಪ್ರಮಾಣದ ಪೆಟ್ರೋಲ್ ಬಿಡಿಸುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: "ತಕ್ಕಡಿ ಸರಿ ಇದೆ ಸರ್, ಅದನ್ನ ಇಟ್ಟ ನೆಲ ವಾಲಿದೆ." ಇದಕ್ಕಿಂತ ಒಳ್ಳೆಯ ವಿವರಣೆ ನನ್ನಲ್ಲಿರಲಿಲ್ಲ.

ದುರಸ್ತಿ ಮತ್ತು ದೃಢೀಕರಣ

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮಾಡ್ಯೂಲಿನ ಅರ್ತನ್ನು ಪ್ರತ್ಯೇಕ ತಂತಿಯಿಂದ ನೇರ ಬ್ಯಾಟರಿಯ ನೆಗೆಟಿವ್‌ಗೆ ತಂದರು. ದೀಪದ ಬೋಲ್ಟಿನಡಿಯ ಬಣ್ಣವನ್ನು ಎಮರಿ ಪೇಪರಿನಿಂದ ಉಜ್ಜಿ ಬಿಗಿದರು. ಖರ್ಚು ಒಂದು ಲಗ್, ಒಂದು ತುಂಡು ವೈರ್. ಮತ್ತೆ ಅಳೆದಾಗ ದೀಪ ಉರಿಯುತ್ತಿದ್ದರೂ ಮಾಡ್ಯೂಲಿನ ಅರ್ತಿನಲ್ಲಿ 0.02 ವೋಲ್ಟ್. ಇಂಥ ಸೂಕ್ಷ್ಮ ಅರ್ತಿಗೆ 0.1 ವೋಲ್ಟ್ ಮೀರಬಾರದೆಂದು ಹಾಳೆಯಲ್ಲಿ ಬರೆಸಿದೆ. ಕೊನೆಗೆ ಹಳೆಯ ಜೋಡಣೆಯನ್ನೇ ಒಮ್ಮೆ ಮಾಡಿಸಿದೆ. ಬಣ್ಣವಿದ್ದ ಇನ್ನೊಂದು ಬ್ರಾಕೆಟಿಗೆ ಎರಡೂ ಲಗ್ ಬಿಗಿದಾಗ ದೋಷ ಮರಳಿ ಬಂತು. ದೋಷವನ್ನು ಬೇಕೆಂದಾಗ ತರಿಸಿ, ಬೇಕೆಂದಾಗ ಕಳಿಸಲು ಬಂದರೆ ಮಾತ್ರ ಕಾರಣ ಸಿಕ್ಕಿತೆಂದು ಅರ್ಥ.

ಆ ಸಂಜೆ ಹುಡುಗ ತನ್ನ ಹಾಳೆಯನ್ನೇ ಮನೆಗೆ ಒಯ್ದ. ಮರುದಿನ ತರಗತಿಗೆ ಬಂದ. ನಾನೂ ತರಗತಿಯ ಮುಂದೆ, ಮೊದಲ ದಿನ ಅಳೆಯದೆ ಹೇಳಿದ್ದು ನನ್ನ ತಪ್ಪೆಂದು ಒಪ್ಪಿಕೊಂಡೆ.

ಎದ್ದ ಒಂದು ಪ್ರಶ್ನೆ

"ಇಂಥ ಮಾಡ್ಯೂಲ್ ಹಾಕೋದು ಸರಿಯಾ ಸರ್?" ಎಂದು ಒಬ್ಬ ಕೇಳಿದ. ಪೆಟ್ರೋಲಿನ ಪ್ರಮಾಣ ಬದಲಾದರೆ ಹೊಗೆಯ ಗುಣವೂ ಬದಲಾಗುತ್ತದೆ, ಬಿಎಸ್ 6 ಮಿತಿ ಮೀರಬಹುದು ಎಂದೆ. ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನಿರ್ಬಂಧಗಳಿವೆ ಎಂದೂ ತಿಳಿಸಿದೆ. ಗ್ಯಾರೇಜಿಗೆ ಬಂದ ಗಾಡಿಯ ದೋಷ ಹುಡುಕುವುದು ನಮ್ಮ ಕೆಲಸ. ಇದನ್ನು ಗಿರಾಕಿಗೆ ತಿಳಿಸುವುದೂ ನಮ್ಮ ಕೆಲಸವೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ದೋಷ ಪತ್ತೆಯ ಪಾಠದಲ್ಲಿ ಉತ್ತರವನ್ನು ಮೊದಲೇ ಹೇಳಬೇಡಿ; ಗೊತ್ತಿಲ್ಲದಾಗ ಖಂಡಿತ ಬೇಡ. ಮಕ್ಕಳು ಮೂರನೆಯ ಹಂತದಲ್ಲಿ ತಪ್ಪು ತೀರ್ಮಾನ ಬರೆದರೆ ಬರೆಯಲಿ, ನಾಲ್ಕನೆಯ ಅಳತೆ ಅದನ್ನು ತಿದ್ದುತ್ತದೆ. ನಾಲ್ಕನೆಯ ಕಾಲಂ ಬಿಡಬೇಡಿ: "ಏನು ಸಾಬೀತಾಗಲಿಲ್ಲ?" ಬೇರೆ ಪಾಠಗಳಲ್ಲೂ ಅದನ್ನು ಬಳಸತೊಡಗಿದ್ದೇನೆ. ನನ್ನ ಪಾಠಗಳ ಬಗ್ಗೆ ನಾನೇ ಬರೆಯುವ ಟಿಪ್ಪಣಿಯಲ್ಲೂ ಈಗ ಆ ಕಾಲಂ ಇದೆ.