ವೇಳಾಂಕಣಿಗೆ ಏಳು ದಿನದ ಓಟ: ಕಾಲಿಗೆ ಮೊದಲೇ ತಯಾರಿ ಬೇಕು



ಸೇಲಂನಿಂದ ನಾಮಕ್ಕಲ್, ತಿರುಚಿ, ತಂಜಾವೂರು ಮಾರ್ಗವಾಗಿ ವೇಳಾಂಕಣಿಗೆ ಸುಮಾರು 290 ಕಿ.ಮೀ. ಧರ್ಮಪುರಿಯವರಿಗೆ ಇನ್ನೂ 65 ಕಿ.ಮೀ. ಹೆಚ್ಚು. ಆಗಸ್ಟ್ 29ರಂದು ಧ್ವಜ ಏರಿ, ಸೆಪ್ಟೆಂಬರ್ 8ರಂದು ಮಾತೆಯ ಹಬ್ಬ. ಆ ದಿನಗಳಿಗೆ ಕಾಲ್ನಡಿಗೆಯಲ್ಲಿ ಹೋಗುವವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಈಗ ಕೆಲವು ಯುವಕರು ಏಳೇ ದಿನದಲ್ಲಿ ಓಡಿ ಮುಟ್ಟುತ್ತೇವೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ 41 ಕಿ.ಮೀ. ಮೇಲಾಯಿತು. ಹೆಚ್ಚುಕಡಿಮೆ ದಿನಕ್ಕೊಂದು ಮ್ಯಾರಥಾನ್!

"ಹೊಲದಲ್ಲಿ ದುಡಿಯುವ ಕಾಲಿಗೆ ಇದೇನು ದೊಡ್ಡದು?" ಎಂದು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಮೊದಲ ಸಲ, ಹೊರಡುವ ಹಿಂದಿನ ದಿನ ಹೊಸ ಬೂಟು ಕೊಂಡೆವು. ಎರಡನೆಯ ದಿನ ನಾಮಕ್ಕಲ್ ತಲುಪುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದು, ಬಸ್ಸು ಹತ್ತಿ ಮನೆಗೆ ಬಂದೆವು. ಉತ್ತ ಮಣ್ಣು ಮೆತ್ತಗೆ. ಟಾರು ರಸ್ತೆ ಕಾಲಿನ ಒಂದೇ ಜಾಗಕ್ಕೆ ಸಾವಿರಾರು ಸಲ ಗುದ್ದುತ್ತದೆ. ಮೊದಲ ದಿನ ಹೇಗೋ ಓಡಿಬಿಡಬಹುದು. ನೋಯುವ ಕಾಲಿನಲ್ಲಿ ಮರುದಿನ ಎದ್ದು ಮತ್ತೆ ಹೊರಡುವುದೇ ಕಷ್ಟ. ತಯಾರಿ ಬೇಕಾಗಿರುವುದು ಆ ಎರಡನೆಯ ದಿನಕ್ಕೆ.

ಆದ್ದರಿಂದ ಮೇ ತಿಂಗಳಲ್ಲೇ ಆರಂಭಿಸಿ. ವಾರದ ನಡುವೆ ಎರಡು ದಿನ ಐದಾರು ಕಿ.ಮೀ. ಸಾಕು. ಶನಿವಾರ, ಭಾನುವಾರ ಮಾತ್ರ ಒಂದರ ಹಿಂದೊಂದು ಬಿಡದೆ ಓಡಬೇಕು. ಮೊದಲು ಶನಿವಾರ 8, ಭಾನುವಾರ ಪೂಜೆಗೆ ಮುಂಚೆ 6. ವಾರವಾರ ಸ್ವಲ್ಪ ಏರಿಸಿ, ಪ್ರತಿ ನಾಲ್ಕನೆಯ ವಾರ ಇಳಿಸಿ. ಆಗಸ್ಟ್ ಆರಂಭಕ್ಕೆ 28 ಮತ್ತು 22 ಆಗಲಿ. ಆಡಿ ತಿಂಗಳ ಬಿತ್ತನೆಯ ವಾರ ಓಟ ಕಡಿಮೆ ಮಾಡಿ. ಎರಡೂ ಒಟ್ಟಿಗೆ ಆಗದು. ಹತ್ತು ನಿಮಿಷ ಓಡಿ ಎರಡು ನಿಮಿಷ ನಡೆಯುವುದು ನಾಚಿಕೆಯ ವಿಷಯವಲ್ಲ. ಏರ್ಕಾಡು ಘಟ್ಟದ 20 ತಿರುವು ಓಡಿ ಹತ್ತುವ ಹುಡುಗರೇ, ಇಳಿಯುವಾಗ ನಡೆದು ಬನ್ನಿ. ತೊಡೆಯ ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗಲೇ. ಹೊರಡುವ ಮುಂಚಿನ ಹತ್ತು ದಿನ ಎಲ್ಲವನ್ನೂ ಅರ್ಧಕ್ಕಿಳಿಸಿ. ಬೂಟು ಎರಡು ತಿಂಗಳು ಹಾಕಿ ಪಳಗಿರಲಿ, ಬೆರಳ ತುದಿಯಲ್ಲಿ ಸ್ವಲ್ಪ ಜಾಗವಿರಲಿ. ದೂರ ಓಡಿದರೆ ಪಾದ ಊದುತ್ತದೆ.

ದಾರಿಯಲ್ಲಿ ಬೆಳಗಿನ ಜಾವ 4ಕ್ಕೆ ಹೊರಟು 10ಕ್ಕೆ ನಿಲ್ಲಿ. ಕತ್ತಲಲ್ಲಿ ಟಾರ್ಚ್ ಹಿಡಿದು, ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಹೋಗಿ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ವಾಂತಿಯಾಗಿ ಎಚ್ಚರ ತಪ್ಪುವುದೂ ಉಂಟು. ಬಾಯಾರಿದಷ್ಟು ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಒಳ್ಳೆಯದು. ಬೆವರು ಹೆಚ್ಚಾದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ತಲೆ ಒರೆಸಿದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಗಂಟೆಗೊಮ್ಮೆ ಬಾಳೆಹಣ್ಣು ಇಲ್ಲವೆ ಕಡಲೆ ಮಿಠಾಯಿ. ರಾತ್ರಿ ಮುದ್ದೆ, ಹುರುಳಿ ಸಾರು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಿ ಓಡಬೇಡಿ. ನೀರು ಬತ್ತಿದ ದೇಹದಲ್ಲಿ ಅವು ಮೂತ್ರಪಿಂಡವನ್ನು ಕೆಡಿಸಬಲ್ಲವು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಲ್ಲೇ ಓಟ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಹರಕೆಯೆಂದು ಬರಿಗಾಲಲ್ಲಿ ಹೊರಡುವುದು ಬೇಡವೇ ಬೇಡ. ಪಾದಕ್ಕೆ ನೋವು ತಿಳಿಯದೆ ಹುಣ್ಣಾಗಿ ಬೆರಳು ಕತ್ತರಿಸಬೇಕಾದೀತು. ಹರಕೆಯನ್ನು ಬೇರೆ ಹೇಗೆ ತೀರಿಸಬಹುದೆಂದು ಗುರುಗಳನ್ನು ಕೇಳಿ.

ಹಿಂದಿರುಗಿದ ಮೇಲೆ ನಾಲ್ಕೈದು ದಿನ ಹಸು ಕರೆಯಲು, ನೀರು ಹಾಯಿಸಲು ಪಕ್ಕದ ಮನೆಯವರಿಗೆ ಹೊರಡುವ ಮೊದಲೇ ಹೇಳಿಡಿ. ಆಗ ಕುಕ್ಕರುಗಾಲಲ್ಲಿ ಕೂರಲು ನಿಮ್ಮಿಂದಾಗದು.