ರೋಗಿಯ ದಾಖಲೆಯಲ್ಲಿ ಮಧುಮೇಹದ ಸುಳಿವು: ಕಾನೂನು ಏನು ಹೇಳುತ್ತದೆ?

ಮಧುಮೇಹ ಶುರುವಾದ ಮೇಲೂ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದಿರಬಹುದು. ಆದರೆ ಬೇರೆ ಕಾರಣಕ್ಕೆ ಆಸ್ಪತ್ರೆಗೆ ಹೋದಾಗ ಬರೆದಿಟ್ಟ ವಯಸ್ಸು, ತೂಕ, ರಕ್ತದೊತ್ತಡ, ಗರ್ಭಿಣಿಯಾಗಿದ್ದಾಗ ಏರಿದ್ದ ಸಕ್ಕರೆ, ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ರಕ್ತಪರೀಕ್ಷೆ ಇವನ್ನೆಲ್ಲ ಕೂಡಿಸಿ ನೋಡಿದರೆ ಯಾರಿಗೆ ತಪಾಸಣೆ ಬೇಕೆಂಬುದು ತಿಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, 13.6 ಕೋಟಿ ಮಂದಿ ಅದರ ಹಿಂದಿನ ಹಂತದಲ್ಲಿದ್ದಾರೆ. ಹಾಗಾಗಿ ದಾಖಲೆಗಳನ್ನು ಸೋಸಿ ನೋಡುವುದರಿಂದ ಲಾಭವಿದೆ. ಆದರೆ ದಾಖಲೆ ರೋಗಿಗೆ ಸಂಬಂಧಿಸಿದ್ದು. ಅದನ್ನು ಯಾರು, ಯಾತಕ್ಕೆ ಬಳಸಬಹುದು ಎಂಬುದಕ್ಕೆ ಕಾನೂನಿನ ಮಿತಿಗಳಿವೆ.

ಎಣಿಕೆ ಬೇರೆ, ವ್ಯಕ್ತಿಯ ಗುರುತು ಬೇರೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಮು ಸಂಶೋಧನೆಗೆ, ಅಂಕಿಅಂಶಕ್ಕೆ ದತ್ತಾಂಶ ಬಳಸುವವರಿಗೆ ವಿನಾಯಿತಿ ನೀಡುತ್ತದೆ. ಆ ದತ್ತಾಂಶದ ಆಧಾರದ ಮೇಲೆ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದೆಂಬುದು ಅದರ ಷರತ್ತು. ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ಅಪಾಯವಿದೆ ಎಂದು ಲೆಕ್ಕ ಹಾಕುವುದು ಈ ವಿನಾಯಿತಿಯೊಳಗೆ ಬರುತ್ತದೆ. ಅದೇ ಪಟ್ಟಿಯಿಂದ ಒಬ್ಬರ ಹೆಸರು ಹೆಕ್ಕಿ ಅವರಿಗೆ ಕರೆ ಮಾಡಿದರೆ ವಿನಾಯಿತಿ ಸಿಗದು. ಒಪ್ಪಿಗೆ ಅಥವಾ ಕಾಯ್ದೆ ಹೇಳುವ ಇನ್ನೊಂದು ಆಧಾರ ಇರಬೇಕು.

ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು. ಅದಕ್ಕೆ ಮುನ್ನ ಕೊಡುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಬರಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಮತ್ತು ಹಕ್ಕುಗಳ ಕಲಮುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವಿದೆ. ಅಲ್ಲಿಯವರೆಗೆ ಖಾಸಗಿ ಆಸ್ಪತ್ರೆಗಳಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 2011ರ ನಿಯಮಗಳು ಅನ್ವಯಿಸುತ್ತವೆ. ಅವು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಪರಿಗಣಿಸಿ, ಲಿಖಿತ ಒಪ್ಪಿಗೆ ಕೇಳುತ್ತವೆ. ಇವೆಲ್ಲದರ ಹಿಂದೆ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪಿದೆ.

ಸರ್ಕಾರಿ ತಪಾಸಣೆ

ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಬಂದು ನಮೂನೆ ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದಲ್ಲಿ ರೋಗ ಇವಕ್ಕೆ ಅಂಕಗಳಿವೆ. ಒಟ್ಟು 4 ಮೀರಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ 14 ಅಂಕಿಗಳ ಅಭಾ ಸಂಖ್ಯೆ ಮಾಡಿಸಿಕೊಳ್ಳುವುದು ಐಚ್ಛಿಕ. ಅದಕ್ಕೆ ಜೋಡಿಸಿದ ದಾಖಲೆಯನ್ನು ಬೇರೆ ಆಸ್ಪತ್ರೆ ನೋಡಬೇಕಾದರೆ ರೋಗಿ ಸಮ್ಮತಿಸಬೇಕು.

ದಾಖಲೆ ಪಡೆಯುವ ಕ್ರಮ

2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳಂತೆ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಒಳಿತು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿಯೂ ಕೇಳಬಹುದು; ಅದಕ್ಕೆ 30 ದಿನಗಳ ಗಡುವಿದೆ.

ಅಪಾಯದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಧುಮೇಹವಿದೆ ಎಂದಾಗದು. ಖಾಲಿ ಹೊಟ್ಟೆಯ ಸಕ್ಕರೆ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಎಚ್‌ಬಿಎ1ಸಿ ಶೇ 6.5 ಮುಟ್ಟಿದರೆ ಮಧುಮೇಹವೆನ್ನುತ್ತಾರೆ. ಲಕ್ಷಣಗಳಿಲ್ಲದವರಿಗೆ ಮರುಪರೀಕ್ಷೆಯೂ ಬೇಕು. ಹಳೆಯ ದಾಖಲೆಯಲ್ಲಿ ತಪ್ಪು ನಮೂದಾಗಿದ್ದರೆ ತಿದ್ದುಪಡಿ ಕೇಳುವ ಹಕ್ಕನ್ನು 2023ರ ಕಾಯ್ದೆಯ 12ನೇ ಕಲಮು, ಜಾರಿಗೆ ಬಂದ ಮೇಲೆ, ಕೊಡುತ್ತದೆ.

ದೂರು ಎಲ್ಲಿ?

ದಾಖಲೆ ಕೊಡದಿದ್ದರೆ, ಅಥವಾ ಒಪ್ಪಿಗೆಯಿಲ್ಲದೆ ಔಷಧ ಕಂಪನಿಗೋ ಉದ್ಯೋಗದಾತರಿಗೋ ಮಾಹಿತಿ ಹೋಗಿದ್ದರೆ, ಮೊದಲು ಆಸ್ಪತ್ರೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ವೈದ್ಯರ ವಿರುದ್ಧದ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬಹುದು. ರಾಜ್ಯದ ಖಾಸಗಿ ಆಸ್ಪತ್ರೆಗಳ ವಿರುದ್ಧ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಹಣ ಪಡೆದು ಚಿಕಿತ್ಸೆ ನೀಡಿದ ಆಸ್ಪತ್ರೆಯಿಂದ ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬೇಕು.